ಕರಿಹಲಗೆಯ ಮೇಲೆ ಉಳಿದ ಲೆಕ್ಕ

2018ರ ಜೂನ್ ತಿಂಗಳಿನಲ್ಲಿ ಕೆನಡಾ ದೇಶದ ರಾಜಧಾನಿಯಾದ ಒಟ್ಟಾವಾ ನಗರದಲ್ಲಿ, ಬಿಎಸ್‌ಡಿ ಮನೆತನಕ್ಕೆ ಸೇರಿದ ಆಪರೇಟಿಂಗ್ ಸಿಸ್ಟಂಗಳನ್ನು ಕಟ್ಟುವವರು ಸಮ್ಮೇಳನವೊಂದರಲ್ಲಿ ನೆರೆದಿದ್ದರು. ಓಪನ್‌ಬಿಎಸ್‌ಡಿಯ ಮೂಲಪುರುಷರಾದ ಥಿಯೋ ಡಿ ರಾಟ್ ಅವರು ಸಭೆಯ ಮುಂದೆ ಒಂದು ಸಂಗತಿಯನ್ನು ಬಿಚ್ಚಿಟ್ಟರು. ಇಂಟೆಲ್ ಸಂಸ್ಥೆಯ ಪ್ರೊಸೆಸರುಗಳಲ್ಲಿ ಇನ್ನೂ ಒಂದು ಬಿರುಕು ಇದೆಯೆಂಬ ವದಂತಿ ಹಬ್ಬಿತ್ತು. ಬಲ್ಲವರು ಮೌನದ ಒಪ್ಪಂದಕ್ಕೆ ಕಟ್ಟುಬಿದ್ದಿದ್ದರು. ಓಪನ್‌ಬಿಎಸ್‌ಡಿಯವರಿಗೆ ಯಾರೂ ಏನನ್ನೂ ತಿಳಿಸಿರಲಿಲ್ಲ. ಆದರೂ ಅವರು ಊಹೆಯ ಬಲದಿಂದಲೇ ತಮ್ಮ ಸಿಸ್ಟಮನ್ನು ತಿದ್ದಿಕೊಂಡಿದ್ದರು. ಕೇಳುಗರಲ್ಲಿ ಕಾಲಿನ್ ಪರ್ಸಿವಲ್ ಎಂಬವರೂ ಒಬ್ಬರು. ಹಿಂದೆ ಫ್ರೀಬಿಎಸ್‌ಡಿಯ ರಕ್ಷಣಾಧಿಕಾರಿಯಾಗಿದ್ದವರು. ಅಲ್ಲಿ ಕೇಳಿದ ವಿವರಗಳನ್ನಷ್ಟೇ ಆಧಾರವಾಗಿಟ್ಟುಕೊಂಡು ಆ ಬಿರುಕಿನಲ್ಲಿ ಕೈ ತೂರಿಸಬಲ್ಲ ಪ್ರೋಗ್ರಾಮೊಂದನ್ನು ಅವರು ಬರೆದು ಮುಗಿಸಿದರು. ಹಿಡಿದ ಕಾಲ ಸುಮಾರು ಐದು ಗಂಟೆ.

ಗುಟ್ಟನ್ನು ಇನ್ನು ಬಚ್ಚಿಟ್ಟು ಫಲವಿರಲಿಲ್ಲ. ಜೂನ್ 13ರಂದು ಇಂಟೆಲ್ ಸಂಸ್ಥೆ ಅದನ್ನು ಬಹಿರಂಗಪಡಿಸಿತು. ಅದನ್ನು ಮೊದಲೇ ಕಂಡುಹಿಡಿದಿದ್ದ ಜೂಲಿಯನ್ ಸ್ಟೆಕ್ಲಿನಾ ಮತ್ತು ಥಾಮಸ್ ಪ್ರೆಷರ್ ಎಂಬ ಸಂಶೋಧಕರು ಅದಕ್ಕೆ ‘ಲೇಜಿ ಎಫ್‌ಪಿ’ ಎಂಬ ಹೆಸರಿಟ್ಟಿದ್ದರು. ಲೇಜಿ ಎಂದರೆ ಸೋಮಾರಿ. ಹೆಸರು ವಿನೋದದ್ದಾದರೂ ಅದರ ಹಿಂದೆ ನಾಲ್ಕು ದಶಕಗಳ ಚರಿತ್ರೆಯಿದೆ. ಮತ್ತು ಆ ಸೋಮಾರಿತನವು ಒಂದು ಕಾಲದಲ್ಲಿ ಬುದ್ಧಿವಂತರು ಮೆಚ್ಚಿ ತಲೆದೂಗಿದ ಮಿತವ್ಯಯವೇ ಆಗಿತ್ತು.

ಗಣಕಯಂತ್ರವು ಎರಡು ಬಗೆಯ ಸಂಖ್ಯೆಗಳನ್ನು ಬೇರೆ ಬೇರೆಯಾಗಿ ನಡೆಸಿಕೊಳ್ಳುತ್ತದೆ. ಒಂದು, ಎಣಿಕೆಯ ಪೂರ್ಣಾಂಕ. ಇನ್ನೊಂದು, ಗ್ರಹಗಳ ದೂರದಷ್ಟು ದೊಡ್ಡದೂ ಪರಮಾಣುವಿನ ತೂಕದಷ್ಟು ಸಣ್ಣದೂ ಆಗಬಲ್ಲ, ದಶಮಾಂಶ ಬಿಂದುವು ಬೇಕಾದ ಕಡೆಗೆ ತೇಲಿಹೋಗುವ ಸಂಖ್ಯೆ. ಇದಕ್ಕೆ ಫ್ಲೋಟಿಂಗ್ ಪಾಯಿಂಟ್ ಎಂದು ಹೆಸರು. ತೇಲುಬಿಂದು ಎಂದರೂ ಸಲ್ಲುತ್ತದೆ. ಈ ಎರಡನೆಯ ಬಗೆಯ ಲೆಕ್ಕ ಬಹಳ ಶ್ರಮದ್ದು. ಆದುದರಿಂದ ಇಂಟೆಲ್ ಸಂಸ್ಥೆಯು 1980ರಲ್ಲಿ ಅದಕ್ಕೆಂದೇ 8087 ಎಂಬ ಪ್ರತ್ಯೇಕ ಚಿಪ್ಪನ್ನು ಹೊರತಂದಿತು. ಅದರೊಳಗೆ ತಲಾ 80 ಬಿಟ್ ಅಗಲದ ಎಂಟು ರಿಜಿಸ್ಟರುಗಳು, ಅಂದರೆ ಲೆಕ್ಕ ನಡೆಯುತ್ತಿರುವಾಗ ಅಂಕಿಗಳು ಕುಳಿತಿರುವ ಮಣೆಗಳು. ಬರ್ಕ್ಲಿ ವಿಶ್ವವಿದ್ಯಾಲಯದ ವಿಲಿಯಂ ಕಾಹನ್ ಅವರ ಚಿಂತನೆ ಆ ಚಿಪ್ಪಿನಲ್ಲೂ, 1985ರಲ್ಲಿ ಅಂಗೀಕೃತವಾದ ತೇಲುಬಿಂದು ಲೆಕ್ಕದ ಜಾಗತಿಕ ನಿಯಮಾವಳಿಯಲ್ಲೂ ಉಸಿರಾಡುತ್ತಿದೆ. 8087 ಎಲ್ಲರ ಯಂತ್ರದಲ್ಲೂ ಇರುತ್ತಿರಲಿಲ್ಲ. ಬೇಕಾದವರು ಕೊಂಡು ಕೂರಿಸಿಕೊಳ್ಳುತ್ತಿದ್ದರು. 1989ರ 486ರಲ್ಲಿ ಅದು ಮುಖ್ಯ ಪ್ರೊಸೆಸರಿನ ಒಳಗೇ ಮನೆಮಾಡಿತು.

ಇನ್ನು ಕರ್ನಲ್ಲಿನ ಮಾತು. ಆಪರೇಟಿಂಗ್ ಸಿಸ್ಟಮಿನ ತಿರುಳಿಗೆ ಕರ್ನಲ್ ಎನ್ನುವರು. ಯಂತ್ರದಲ್ಲಿ ಏಕಕಾಲಕ್ಕೆ ನೂರು ಕೆಲಸಗಳು ಸಾಗುತ್ತಿರುವಂತೆ ಕಾಣುವುದು ಬರಿಯ ತೋರಿಕೆ. ಸ್ಥೂಲವಾಗಿ ಹೇಳುವುದಾದರೆ, ಒಂದು ಪ್ರೊಸೆಸರು ಒಂದು ಗಳಿಗೆಯಲ್ಲಿ ಒಂದೇ ಪ್ರೋಗ್ರಾಮನ್ನು ನಡೆಸುತ್ತದೆ. ಸೆಕೆಂಡಿನ ನೂರರಲ್ಲೊಂದು ಸಾವಿರದಲ್ಲೊಂದು ಪಾಲಿನಲ್ಲಿ ಅದನ್ನು ಎಬ್ಬಿಸಿ ಇನ್ನೊಂದನ್ನು ಕೂರಿಸುತ್ತದೆ. ಕೂರಿಸುವುದೂ ಎಬ್ಬಿಸುವುದೂ ಕರ್ನಲ್ಲಿನ ಅಧಿಕಾರ. ಎದ್ದುಹೋದವನ ಸಾಮಾನು ಚೆಲ್ಲಾಪಿಲ್ಲಿಯಾಗದಂತೆ ಕಾಯ್ದಿಟ್ಟು, ಅವನು ಮರಳಿ ಬಂದಾಗ ಇದ್ದದ್ದು ಇದ್ದ ಹಾಗೆಯೇ ಒಪ್ಪಿಸುವುದು ಅದರ ಕರ್ತವ್ಯ.

ಒಂದು ಶಾಲೆಯನ್ನು ಕಲ್ಪಿಸಿಕೊಳ್ಳಿ. ಕೊಠಡಿಯೇ ಪ್ರೊಸೆಸರು, ಪಾಠಕ್ಕೆ ಬರುವ ಉಪಾಧ್ಯಾಯರೇ ಪ್ರೋಗ್ರಾಮುಗಳು, ಗೋಡೆಯ ಕರಿಹಲಗೆಯೇ ತೇಲುಬಿಂದುವಿನ ರಿಜಿಸ್ಟರುಗಳು, ಜವಾನನೇ ಕರ್ನಲ್. ಗಣಿತದ ಉಪಾಧ್ಯಾಯರು ಹಲಗೆಯ ತುಂಬ ಲೆಕ್ಕ ಬರೆದಿದ್ದಾರೆ, ಇನ್ನೂ ಮುಗಿದಿಲ್ಲ. ಅಷ್ಟರಲ್ಲಿ ಗಂಟೆ ಹೊಡೆಯಿತು. ಮುಂದಿನ ಅವಧಿ ಚರಿತ್ರೆಯದು. ಪ್ರಾಮಾಣಿಕನಾದ ಜವಾನನು ಹಲಗೆಯ ಲೆಕ್ಕವನ್ನೆಲ್ಲ ಗಣಿತದವರ ಪುಸ್ತಕಕ್ಕೆ ಇಳಿಸಿ, ಹಲಗೆ ಒರೆಸಿ, ಚರಿತ್ರೆಯವರು ನಿನ್ನೆ ಬರೆದು ನಿಲ್ಲಿಸಿದ್ದನ್ನು ಅವರ ಪುಸ್ತಕದಿಂದ ನೋಡಿ ಹಲಗೆಯ ಮೇಲೆ ಮತ್ತೆ ಬರೆಯಬೇಕು. ಆದರೆ ಚರಿತ್ರೆಯವರು ಹಲಗೆಯನ್ನು ಮುಟ್ಟುವವರೇ ಅಲ್ಲ, ಪಾಠವೆಲ್ಲ ಬಾಯಿಮಾತಿನಲ್ಲಿ. ಹೀಗಿರಲು ಇಷ್ಟೆಲ್ಲ ಬರೆದು ಒರೆಸುವ ಶ್ರಮ ವ್ಯರ್ಥವಲ್ಲವೇ?

ವ್ಯರ್ಥವೆಂದೇ ಅಂದಿನವರಿಗೆ ತೋರಿತು. 486ರ ಕಾಲದಲ್ಲಿ ತೇಲುಬಿಂದುವಿನ ಸ್ಥಿತಿಯನ್ನು ಒಮ್ಮೆ ಮೆಮೊರಿಗೆ ಇಳಿಸಲು ನೂರಕ್ಕೂ ಮಿಕ್ಕಿ ಗಡಿಯಾರದ ಬಡಿತಗಳು ಬೇಕಾಗುತ್ತಿದ್ದುವು. ಬಹುಪಾಲು ಪ್ರೋಗ್ರಾಮುಗಳು, ಅಕ್ಷರ ತಿದ್ದುವಂಥವು, ಕಾಗದಪತ್ರ ಹುಡುಕುವಂಥವು, ಹುಟ್ಟಿದಂದಿನಿಂದ ಸಾಯುವವರೆಗೆ ಒಂದು ದಶಮಾಂಶವನ್ನೂ ಕಾಣದಂಥವು. ಆದುದರಿಂದ ಇಂಟೆಲ್‌ನವರೇ ಒಂದು ಅನುಕೂಲ ಕಲ್ಪಿಸಿಕೊಟ್ಟಿದ್ದರು. 1982ರ 80286ರಿಂದಲೇ ಪ್ರೊಸೆಸರಿನಲ್ಲಿ ‘ಟಿಎಸ್’ ಎಂಬ ಒಂದು ಬಿಟ್ ಇದೆ. ಕೆಲಸ ಬದಲಾಯಿತು ಎಂಬುದರ ಗುರುತು. ಅದು ಏರಿರುವಾಗ ಯಾವ ಪ್ರೋಗ್ರಾಮಾದರೂ ತೇಲುಬಿಂದುವಿನ ಆಜ್ಞೆ ಕೊಟ್ಟರೆ ಪ್ರೊಸೆಸರು ಆಜ್ಞೆಯನ್ನು ತಡೆದು ಕರ್ನಲ್ಲನ್ನು ಕೂಗುತ್ತದೆ. ಶಾಲೆಯ ಮಾತಿನಲ್ಲಿ ಹೇಳಿದರೆ, ಗಂಟೆ ಹೊಡೆದೊಡನೆ ಜವಾನನು ಹಲಗೆಯನ್ನು ಒರೆಸುವುದಿಲ್ಲ, ಅದರ ಮೇಲೊಂದು ತೆರೆ ಎಳೆಯುತ್ತಾನೆ, ಅಷ್ಟೆ. ಹೊಸಬರು ತೆರೆಗೆ ಕೈಹಾಕಿದರೆ ಮಾತ್ರ ಓಡಿಬಂದು, ಹಳಬರ ಲೆಕ್ಕವನ್ನು ಅವರ ಪುಸ್ತಕಕ್ಕೆ ಇಳಿಸಿ, ಹಲಗೆ ಬಿಟ್ಟುಕೊಡುತ್ತಾನೆ. ಯಾರೂ ಕೈಹಾಕದೆ ಗಣಿತದವರೇ ಮರಳಿ ಬಂದರೋ, ತೆರೆ ಸರಿಸಿದರಾಯಿತು. ಒಂದು ಅಕ್ಷರವನ್ನೂ ಬರೆಯದೆ ಕೆಲಸ ಮುಗಿಯಿತು! ಲಿನಕ್ಸ್, ವಿಂಡೋಸ್, ಬಿಎಸ್‌ಡಿಗಳು, ಎಲ್ಲವೂ ಈ ಉಪಾಯವನ್ನು ಒಂದಲ್ಲ ಒಂದು ರೂಪದಲ್ಲಿ ಕೈಗೊಂಡವು.

ಶಾಲೆಗೆ ಒಂದೇ ಕೊಠಡಿ ಇರುವವರೆಗೆ ಇದರಲ್ಲಿ ತೊಡಕಿಲ್ಲ. ಒಂದು ಯಂತ್ರಕ್ಕೆ ಎರಡು, ನಾಲ್ಕು, ಎಂಟು ಪ್ರೊಸೆಸರುಗಳು ಬಂದಮೇಲೆ ಕಥೆ ಬೇರೆಯಾಯಿತು.

ಒಂದನೆಯ ಕೊಠಡಿಯ ಹಲಗೆಯ ಮೇಲೆ, ತೆರೆಯ ಹಿಂದೆ, ಗಣಿತದವರ ಲೆಕ್ಕವಿದೆ, ಪುಸ್ತಕದಲ್ಲಿ ಇಲ್ಲ. ಈ ನಡುವೆ ಅವರಿಗೆ ಎರಡನೆಯ ಕೊಠಡಿಯಲ್ಲಿ ಅವಧಿ ಗೊತ್ತಾಗಿದೆ. ಅವರು ಸೀಮೆಸುಣ್ಣ ಹಿಡಿದು ನಿಂತಿದ್ದಾರೆ, ಲೆಕ್ಕವು ಗೋಡೆಯಾಚೆ ಉಳಿದಿದೆ! ಈಗ ಎರಡನೆಯ ಕೊಠಡಿಯ ಜವಾನನು ಒಂದನೆಯದರ ಜವಾನನಿಗೆ ಹೇಳಿಕಳುಹಿಸಬೇಕು. ಅವನು ಕೈಯಲ್ಲಿದ್ದ ಕೆಲಸ ಬಿಟ್ಟು ಲೆಕ್ಕವನ್ನು ಪುಸ್ತಕಕ್ಕೆ ಇಳಿಸಬೇಕು. ಅಲ್ಲಿಯವರೆಗೆ ಇವನು ಬಾಗಿಲು ಕಾಯುತ್ತ ನಿಲ್ಲಬೇಕು. ನೆಟ್‌ಬಿಎಸ್‌ಡಿ ಮತ್ತು ಓಪನ್‌ಬಿಎಸ್‌ಡಿಗಳಲ್ಲಿ ಬಹುಕಾಲ ನಡೆದದ್ದು ಹೀಗೆಯೇ: ಒಂದು ಪ್ರೊಸೆಸರು ಇನ್ನೊಂದಕ್ಕೆ ಅಡಚಣೆಯ ಸಂದೇಶ ಕಳುಹಿಸಿ ಅಲ್ಲಿಯ ಸ್ಥಿತಿಯನ್ನು ತರಿಸಿಕೊಳ್ಳುತ್ತಿತ್ತು. ಇಬ್ಬರೂ ಪರಸ್ಪರರಿಗಾಗಿ ಕಾಯತೊಡಗಿದರೆ ಶಾಲೆಯೇ ಸ್ತಬ್ಧವಾಗುವ ಭಯ ಬೇರೆ. ಲಿನಕ್ಸಿನವರು ಹೆಚ್ಚು ಪ್ರೊಸೆಸರುಗಳಿದ್ದಲ್ಲಿ ಅರ್ಧ ಸೋಮಾರಿತನಕ್ಕೆ ತೃಪ್ತರಾದರು. ಹಲಗೆಯನ್ನು ಬಳಸಿದ್ದವರು ಏಳುವಾಗಲೇ ಲೆಕ್ಕವನ್ನು ಪುಸ್ತಕಕ್ಕೆ ಇಳಿಸಿಬಿಡುವುದು. ಪುಸ್ತಕದಿಂದ ಹಲಗೆಗೆ ಏರಿಸುವುದನ್ನು ಮಾತ್ರ ಅಗತ್ಯ ಬೀಳುವವರೆಗೆ ಮುಂದೂಡುವುದು.

ಇಲ್ಲಿ ಒಂದು ಸೂಕ್ಷ್ಮವಿದೆ. ಇಡೀ ವಿಷಯದ ಮರ್ಮವೇ ಅದು ಎನ್ನಬಹುದು. ಗಣಿತದವರು ಒಂದನೆಯ ಕೊಠಡಿಗೇ ಮರಳಿ ಬಂದರೆ, ಮತ್ತು ನಡುವೆ ಯಾರೂ ಹಲಗೆ ಮುಟ್ಟಿಲ್ಲದಿದ್ದರೆ, ಪುಸ್ತಕ ನೋಡಿ ಮತ್ತೆ ಬರೆಯುವ ಕಷ್ಟ ಏಕೆ? ಹಲಗೆಯ ಮೂಲೆಯಲ್ಲಿ ‘ಇದು ಗಣಿತದವರದು’ ಎಂದು ಗುರುತು ಹಾಕಿಟ್ಟರೆ ಸಾಲದೇ? ಸಾಲದು. ಗಣಿತದವರು ಒಂದನೆಯ ಕೊಠಡಿ ಬಿಟ್ಟು ಎರಡನೆಯದಕ್ಕೆ ಹೋಗಿ, ಅಲ್ಲಿ ಲೆಕ್ಕವನ್ನು ನಾಲ್ಕು ಮೆಟ್ಟಿಲು ಮುಂದುವರಿಸಿ, ಮರಳಿ ಒಂದನೆಯದಕ್ಕೆ ಬಂದರೆನ್ನೋಣ. ಇಲ್ಲಿಯ ಹಲಗೆಯ ಮೂಲೆಯಲ್ಲಿ ಅವರ ಹೆಸರು ಹಾಗೆಯೇ ಇದೆ. ಲೆಕ್ಕವೂ ಅವರದೇ; ಆದರೆ ಹಳಸಿದ ಲೆಕ್ಕ. ಆದುದರಿಂದ ಗುರುತು ಎರಡು ಕಡೆ ಇರಬೇಕು. ‘ನನ್ನ ಮೇಲೆ ಇರುವುದು ಯಾರದು’ ಎಂದು ಹಲಗೆ ಹೇಳಬೇಕು. ‘ನಾನು ಕಡೆಯಬಾರಿ ಬರೆದದ್ದು ಯಾವ ಕೊಠಡಿಯಲ್ಲಿ’ ಎಂದು ಪುಸ್ತಕ ಹೇಳಬೇಕು. ಎರಡು ಮಾತೂ ತಾಳೆಯಾದರೆ ಮಾತ್ರ ಹಲಗೆಯನ್ನು ನಂಬಬಹುದು. ಲಿನಕ್ಸ್ ಕರ್ನಲ್ಲಿನಲ್ಲಿ ಇಂದಿಗೂ ನಡೆಯುವ ಪರೀಕ್ಷೆ ಇದೇ: ಪ್ರೊಸೆಸರು ತನ್ನ ರಿಜಿಸ್ಟರುಗಳ ಒಡೆಯನನ್ನು ಬರೆದಿಟ್ಟುಕೊಳ್ಳುತ್ತದೆ, ಪ್ರೋಗ್ರಾಮಿನ ದಾಖಲೆಯು ತಾನು ಕಡೆಗೆ ಕುಳಿತಿದ್ದ ಪ್ರೊಸೆಸರಿನ ಸಂಖ್ಯೆಯನ್ನು ನೆನಪಿಟ್ಟುಕೊಳ್ಳುತ್ತದೆ.

ಇಷ್ಟು ಜತನ ಮಾಡುವುದಕ್ಕೆ ಕಾರಣವಿಲ್ಲದಿಲ್ಲ. ತೇಲುಬಿಂದುವಿನ ಸ್ಥಿತಿಯಲ್ಲಿ ಅಂಕಿಗಳಷ್ಟೇ ಇರುವುದಲ್ಲ. ಉತ್ತರದ ಕೊನೆಯ ಅಂಕಿಯನ್ನು ಮೇಲಕ್ಕೆ ಸರಿಪಡಿಸಬೇಕೋ ಕೆಳಕ್ಕೋ ಎಂಬ ಕಟ್ಟಳೆಯೂ ಅಲ್ಲೇ ಇರುತ್ತದೆ. ಒಬ್ಬರ ಕಟ್ಟಳೆ ಇನ್ನೊಬ್ಬರ ಲೆಕ್ಕಕ್ಕೆ ನುಸುಳಿದರೆ ಯಂತ್ರ ಮುರಿದು ಬೀಳುವುದಿಲ್ಲ, ಎಚ್ಚರಿಕೆಯ ಗಂಟೆಯೂ ಬಾರಿಸುವುದಿಲ್ಲ. ಉತ್ತರ ಮಾತ್ರ ತಪ್ಪು ಬರುತ್ತದೆ. ಸದ್ದು ಮಾಡುವ ತಪ್ಪಿಗಿಂತ ಸದ್ದಿಲ್ಲದ ತಪ್ಪು ಘೋರವೆಂಬುದನ್ನು ಲೆಕ್ಕಪತ್ರ ಇಟ್ಟವರಿಗೆ ಹೇಳಬೇಕಾಗಿಲ್ಲ.

ಕಾಲಕ್ರಮದಲ್ಲಿ ಹಲಗೆ ಬೆಳೆಯಿತು. 1999ರ ಪೆಂಟಿಯಂ ಮೂರರಲ್ಲಿ 128 ಬಿಟ್ ಅಗಲದ ಹೊಸ ರಿಜಿಸ್ಟರುಗಳು ಸೇರಿದುವು. ಎಲ್ಲವನ್ನೂ ಕಾಯ್ದಿಡಲು 512 ಬೈಟುಗಳ ಜಾಗ. ಆಮೇಲೆ 256 ಬಿಟ್. ಆಮೇಲೆ 512 ಬಿಟ್ ಅಗಲದ 32 ರಿಜಿಸ್ಟರುಗಳು, ಅವಕ್ಕೇ 2,048 ಬೈಟು. ಹಲಗೆ ದೊಡ್ಡದಾದಷ್ಟೂ ನಕಲಿನ ಶ್ರಮ ಹೆಚ್ಚುವುದರಿಂದ ಸೋಮಾರಿತನ ಇನ್ನೂ ಲಾಭದ್ದಾಗಬೇಕಿತ್ತಲ್ಲವೇ? ಆದದ್ದು ತಿರುಗುಮುರುಗು. ಅಗಲವಾದ ಈ ರಿಜಿಸ್ಟರುಗಳು ಅಕ್ಷರಗಳ ಸಾಲನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಲೂ ಬಲು ಅನುಕೂಲವೆಂದು ಎಲ್ಲರೂ ಕಂಡುಕೊಂಡರು. ಚರಿತ್ರೆಯವರೂ ಹಲಗೆ ಬಳಸತೊಡಗಿದರು! ಹೆಚ್ಚುಕಡಮೆ ಪ್ರತಿ ಅವಧಿಯಲ್ಲೂ ತೆರೆಗೆ ಕೈ ಬೀಳುವುದು, ಜವಾನ ಓಡಿಬರುವುದು. ಈ ಓಡಾಟದ ವೆಚ್ಚವು ನಕಲಿನ ವೆಚ್ಚವನ್ನು ಮೀರಿತು. ಮೇಲಾಗಿ, ಬದಲಾಗದ ಭಾಗವನ್ನು ಬಿಟ್ಟು ಬದಲಾದುದನ್ನಷ್ಟೇ ಇಳಿಸುವ ಹೊಸ ಆಜ್ಞೆಗಳನ್ನು ಪ್ರೊಸೆಸರುಗಳು ಕಲಿತಿದ್ದುವು. ಆಂಡಿ ಲುಟೊಮಿರ್ಸ್ಕಿ ಮೊದಲಾದವರ ಶ್ರಮದಿಂದ 2016ರಲ್ಲಿ ಲಿನಕ್ಸ್ ತೆರೆಯನ್ನು ಕಿತ್ತುಹಾಕಿತು. ರಹಸ್ಯದ ಭಯದಿಂದಲ್ಲ, ವೇಗಕ್ಕಾಗಿ, ಮತ್ತು ಸಿಕ್ಕುಸಿಕ್ಕಾದ ಕೋಡನ್ನು ಬಿಡಿಸಿಕೊಳ್ಳುವುದಕ್ಕಾಗಿ. ಎರಡು ವರ್ಷಗಳ ಅನಂತರ ತಾವು ಪಾರಾದದ್ದು ಎಂಥ ಗಂಡಾಂತರದಿಂದ ಎಂಬುದು ಅವರಿಗೆ ಆಗ ಹೊಳೆದಿರಲಾರದು.

ಗಂಡಾಂತರದ ಬೀಜ ಪ್ರೊಸೆಸರಿನ ಆತುರದಲ್ಲಿತ್ತು. ಇಂದಿನ ಪ್ರೊಸೆಸರುಗಳು ಅಪ್ಪಣೆಯಾಗುವವರೆಗೆ ಕಾಯುವುದಿಲ್ಲ. ಮುಂದಿನ ಆಜ್ಞೆಗಳನ್ನು ಊಹೆಯ ಮೇಲೆ ಮೊದಲೇ ನಡೆಸಿಟ್ಟುಕೊಂಡು, ಊಹೆ ತಪ್ಪಿದರೆ ಅಳಿಸಿಬಿಡುತ್ತವೆ. ತೆರೆ ಎಳೆದಿರುವಾಗ ಹಲಗೆಯನ್ನು ಓದುವ ಆಜ್ಞೆ ಬಂದರೆ ಇಂಟೆಲ್‌ನ ಅನೇಕ ಪ್ರೊಸೆಸರುಗಳು ಜವಾನನನ್ನು ಕೂಗುತ್ತಿದ್ದುವು, ನಿಜ. ಆದರೆ ಅವನು ಬರುವಷ್ಟರೊಳಗೆ ತೆರೆಯ ಹಿಂದಿನ ಅಂಕಿಯನ್ನು ಓದಿ, ಅದರ ಮೇಲೆ ಮುಂದಿನ ಆಜ್ಞೆಗಳನ್ನೂ ಒಂದಷ್ಟು ದೂರ ನಡೆಸಿರುತ್ತಿದ್ದುವು. ಕಪಟಿಯಾದ ಉಪಾಧ್ಯಾಯನೊಬ್ಬ ಇಣಿಕಿ ನೋಡಿ, ಕಂಡ ಅಂಕಿ ಏಳಾದರೆ ಬೀರುವಿನಿಂದ ಏಳನೆಯ ಪುಸ್ತಕವನ್ನು ಮೇಜಿನ ಮೇಲೆ ತಂದಿಟ್ಟನೆಂದು ತಿಳಿಯಿರಿ. ಜವಾನ ಬಂದು ‘ನೀನು ಕಂಡದ್ದು ಕಾಣದಂತಾಗಲಿ’ ಎಂದು ಅವನ ನೆನಪನ್ನು ಒರೆಸುತ್ತಾನೆ. ಪುಸ್ತಕ ಮಾತ್ರ ಮೇಜಿನ ಮೇಲೆ ಉಳಿಯುತ್ತದೆ. ಯಾವ ಪುಸ್ತಕ ಬೇಗ ಕೈಗೆ ಸಿಕ್ಕಿತು ಎಂಬುದರಿಂದಲೇ ತೆರೆಯ ಹಿಂದಿನ ಅಂಕಿ ಹೊರಬಿತ್ತು! ಮೇಜೆಂದರೆ ಇಲ್ಲಿ ಪ್ರೊಸೆಸರಿನ ಕ್ಯಾಷ್ ಮೆಮೊರಿ. ಅದೇ ವರ್ಷ ಜನವರಿಯಲ್ಲಿ ಲೋಕವನ್ನು ಬೆಚ್ಚಿಬೀಳಿಸಿದ್ದ ಮೆಲ್ಟ್‌ಡೌನ್ ಎಂಬ ಬಿರುಕಿಗೆ ಇದು ಹತ್ತಿರದ ನೆಂಟ.

ಹಲಗೆಯ ಮೇಲೆ ದಶಮಾಂಶದ ಲೆಕ್ಕಗಳಷ್ಟೇ ಇದ್ದಿದ್ದರೆ ಕದ್ದವನಿಗೆ ಸಿಗುತ್ತಿದ್ದುದು ಅಲ್ಪ. ಆದರೆ 2010ರ ಸುಮಾರಿನಿಂದ ಇಂಟೆಲ್ ಪ್ರೊಸೆಸರುಗಳಲ್ಲಿ ಗೂಢಲಿಪಿಗೆಂದೇ ಮಾಡಿದ ಆಜ್ಞೆಗಳಿವೆ. ಬ್ಯಾಂಕಿನ ವ್ಯವಹಾರ, ಖಾಸಗಿ ಪತ್ರ ಎಲ್ಲಕ್ಕೂ ಬೀಗವಾಗಿರುವ ಎಇಎಸ್ ಎಂಬ ವಿಧಾನ ಅವುಗಳಿಂದ ನಡೆಯುತ್ತದೆ. ಆ ಆಜ್ಞೆಗಳು ಬೀಗದ ಕೈಯನ್ನು ಇರಿಸಿಕೊಳ್ಳುವುದು ಇದೇ ಅಗಲವಾದ ರಿಜಿಸ್ಟರುಗಳಲ್ಲಿ. ಗಣಿತದವರ ಹಲಗೆಯ ಮೇಲೆ ಖಜಾನೆಯ ಬೀಗದ ಕೈ ನೇತುಹಾಕಿ, ಮೇಲೆ ತೆಳ್ಳನೆಯ ತೆರೆ ಎಳೆದಂತಾಗಿತ್ತು. ಹಲಗೆ ಕಾರ್ಖಾನೆಯಿಂದ ಬಂದದ್ದು, ತಿದ್ದುವಂತಿಲ್ಲ. ತೆರೆಯನ್ನು ತೆಗೆದು, ಪ್ರತಿ ಗಂಟೆಗೂ ಬರೆದು ಒರೆಸುವ ಹಳೆಯ ಪ್ರಾಮಾಣಿಕ ಕ್ರಮಕ್ಕೆ ಮರಳುವುದೊಂದೇ ದಾರಿ. ವಿಂಡೋಸಿಗೂ ಬಿಎಸ್‌ಡಿಗಳಿಗೂ ತಿದ್ದುಪಡಿ ಬಂತು. ಎಎಂಡಿ ಸಂಸ್ಥೆಯ ಪ್ರೊಸೆಸರುಗಳಿಗೆ ಈ ದೋಷ ತಟ್ಟಲಿಲ್ಲ.

ಹೀಗೆ ಸೋಮಾರಿತನ ದೇಶಾಂತರ ಹೋಯಿತೆಂದು ತಿಳಿದವರಿಗೆ ಮರುವರ್ಷವೇ ಇನ್ನೊಂದು ಪಾಠ ಕಾದಿತ್ತು. 2019ರ ಜುಲೈಯಲ್ಲಿ ಬಂದ ಲಿನಕ್ಸ್ 5.2ರಲ್ಲಿ ಬೇರೊಂದು ಮಿತವ್ಯಯ ಸೇರಿತು. ಪ್ರೋಗ್ರಾಮು ಕರ್ನಲ್ಲಿನ ಒಳಗೆ ಇರುವಷ್ಟು ಹೊತ್ತು ಅದರ ರಿಜಿಸ್ಟರುಗಳನ್ನು ತುಂಬುವ ಆತುರ ಬೇಡ. ಅದು ಕರ್ನಲ್ಲಿನಿಂದ ಹೊರಗೆ ಕಾಲಿಡುವ ಹೊಸ್ತಿಲಲ್ಲಿ ತುಂಬಿದರೆ ಸಾಕು ಎಂಬುದು ಅದರ ತತ್ತ್ವ. ಒಬ್ಬರ ಲೆಕ್ಕ ಹಲಗೆಯ ಮೇಲಿರುವಾಗ ಇನ್ನೊಬ್ಬರು ಪಾಠ ಮಾಡುವ ಪ್ರಸಂಗವೇ ಇಲ್ಲವಾದ್ದರಿಂದ ಇಣಿಕುವ ಭಯವಿಲ್ಲ. ಯೋಚನೆಯೇನೋ ನಿರ್ದುಷ್ಟವಾಗಿತ್ತು. ಆದರೆ ಆ ವರ್ಷದ ಕೊನೆಯ ತಿಂಗಳುಗಳಲ್ಲಿ, ಗೋ ಎಂಬ ಪ್ರೋಗ್ರಾಂ ಭಾಷೆಯ ಮುಂದಿನ ಆವೃತ್ತಿಯನ್ನು ಸಿದ್ಧಪಡಿಸುತ್ತಿದ್ದವರಿಗೆ ವಿಚಿತ್ರವಾದ ಕಾಟ ಶುರುವಾಯಿತು. ಪ್ರೋಗ್ರಾಮುಗಳು ಎಲ್ಲೋ ಒಮ್ಮೊಮ್ಮೆ, ಕಾರಣವಿಲ್ಲದೆ, ಮೆಮೊರಿ ಕೆಟ್ಟು ಕುಸಿಯುತ್ತಿದ್ದುವು. ಹೊಸ ಆವೃತ್ತಿಯಲ್ಲಿ ಕೆಲಸಗಳನ್ನು ನಡುವೆ ತಡೆಯಲು ಕರ್ನಲ್ಲಿನ ಸಿಗ್ನಲ್‌ಗಳನ್ನು ಹೇರಳವಾಗಿ ಬಳಸಲಾಗಿತ್ತು. ಪ್ರತಿ ಸಿಗ್ನಲಿನಲ್ಲೂ ಕರ್ನಲ್ ರಿಜಿಸ್ಟರುಗಳ ಪ್ರತಿಯೊಂದನ್ನು ಪ್ರೋಗ್ರಾಮಿನ ಸ್ಟ್ಯಾಕಿನಲ್ಲಿ ಬರೆದಿಡಬೇಕು.

ತಪ್ಪು ಸಿಕ್ಕಿದ್ದು ಹಲಗೆಯ ಮೂಲೆಯ ಗುರುತಿನಲ್ಲಿ. ಜವಾನ ಬಂದು ಗುರುತು ನೋಡಿದ: ಗಣಿತದವರದು. ನಕಲು ಮಾಡತೊಡಗಿದ; ಪುಸ್ತಕದ ಹಾಳೆ ಕೈಯಳತೆಯಲ್ಲಿರಲಿಲ್ಲ, ತರಲು ಹೋದ. ಅವನು ಹೋದಾಗ ಬೇರೊಬ್ಬರು ಬಂದು ಹಲಗೆಯ ಮೇಲೆ ತಮ್ಮದನ್ನು ಬರೆದು ಹೋದರು; ಗುರುತೂ ಬದಲಾಯಿತು. ಮರಳಿ ಬಂದವನು ಮೂಲೆಯನ್ನು ಮತ್ತೊಮ್ಮೆ ನೋಡಲಿಲ್ಲ. ‘ಆಗಲೇ ನೋಡಿದ್ದೇನಲ್ಲ’ ಎಂದು ನೆನಪಿನಿಂದಲೇ ನಡೆದ. ಕರ್ನಲ್ ಬರೆದವರು ಮತ್ತೆ ನೋಡಬೇಕೆಂದೇ ಬರೆದಿದ್ದರು. ಆದರೆ ಅದನ್ನು ಯಂತ್ರಭಾಷೆಗೆ ತಿರುಗಿಸುವ ಜಿಸಿಸಿ 9 ಎಂಬ ಕಂಪೈಲರು, ಈ ಬೆಲೆ ಬದಲಾಗದು ಎಂದು ಭಾವಿಸಿ, ಎರಡನೆಯ ನೋಟವನ್ನು ಉಳಿತಾಯ ಮಾಡಿತ್ತು! ಹಿಂದೆ ಆ ಭಾವನೆ ಸರಿಯೇ ಆಗಿತ್ತು, 5.2ರ ಹೊಸ ಕ್ರಮದಲ್ಲಿ ಮಾತ್ರ ಅದು ಸುಳ್ಳಾಯಿತು. ಕಂಪೈಲರನ್ನು ದೂರುವುದು ನ್ಯಾಯವಲ್ಲ. ಬದಲಾಗಬಹುದೆಂದು ಅದಕ್ಕೆ ಯಾರೂ ಹೇಳಿರಲಿಲ್ಲ. ಪ್ರತಿ ಸಲವೂ ಹೊಸದಾಗಿ ಓದಬೇಕೆಂಬ ಒಂದು ಸಣ್ಣ ತಿದ್ದುಪಡಿಯಿಂದ 5.3.15 ಮತ್ತು 5.4.2ನೆಯ ಆವೃತ್ತಿಗಳಲ್ಲಿ ದೋಷ ನೀಗಿತು. ಗೋ ಭಾಷೆಯವರು ಹಳೆಯ ಕರ್ನಲ್ಲುಗಳಿಗಾಗಿ, ಆ ಹಾಳೆ ಎಂದೂ ಕೈತಪ್ಪದಂತೆ ಮೆಮೊರಿಯಲ್ಲಿ ಮೊಳೆ ಹೊಡೆದಿಡುವ ಉಪಾಯವನ್ನೂ ಮಾಡಿಕೊಂಡರು.

ಹಲಗೆ ಬೆಳೆಯುವುದು ನಿಂತಿಲ್ಲ. 2023ರ ಜನವರಿಯಲ್ಲಿ ಮಾರುಕಟ್ಟೆಗೆ ಬಂದ ಇಂಟೆಲ್‌ನ ದೊಡ್ಡ ಪ್ರೊಸೆಸರುಗಳಲ್ಲಿ ಎಎಂಎಕ್ಸ್ ಎಂಬ ಹೊಸ ಅಂಗವಿದೆ. ಕೃತಕ ಬುದ್ಧಿಯ ಲೆಕ್ಕಗಳಿಗೆಂದು ತಲಾ 1,024 ಬೈಟಿನ ಎಂಟು ಹಲಗೆಗಳು, ಒಟ್ಟು 8,192 ಬೈಟು. ಎಲ್ಲ ಸೇರಿ ಒಬ್ಬರ ಸ್ಥಿತಿಯನ್ನು ಇಳಿಸಲು ಹತ್ತು ಸಾವಿರ ಬೈಟಿಗೂ ಮಿಕ್ಕ ಜಾಗ. ಹಿಂದಿನ ಕಾಲದ ಪ್ರೋಗ್ರಾಮುಗಳಾದರೋ ಸಿಗ್ನಲಿನ ಸ್ಟ್ಯಾಕಿಗೆ 2,048 ಬೈಟು ಸಾಕೆಂದು ಕಲ್ಲಿನಲ್ಲಿ ಕೆತ್ತಿಟ್ಟಂತೆ ಬರೆದುಕೊಂಡಿದ್ದುವು. 512 ಬಿಟ್ಟಿನ ರಿಜಿಸ್ಟರುಗಳು ಬಂದಾಗಲೇ ಅದು ತುಂಬಿ ಹೊರಗೆ ಚೆಲ್ಲತೊಡಗಿತ್ತು. ಆದುದರಿಂದ 2022ರ ಜನವರಿಯ ಲಿನಕ್ಸ್ 5.16ರಲ್ಲಿ ಹೊಸ ಏರ್ಪಾಡಾಯಿತು. ಈ ಹಲಗೆ ಬೇಕಾದ ಪ್ರೋಗ್ರಾಮು ಮೊದಲು ಕರ್ನಲ್ಲಿನ ಅನುಮತಿ ಬೇಡಬೇಕು. ಅನುಮತಿ ಸಿಕ್ಕ ಮೇಲೂ, ಅದು ಮೊದಲ ಸಲ ಹಲಗೆಗೆ ಕೈಹಾಕಿದಾಗ ಪ್ರೊಸೆಸರು ತಡೆದು ಕೂಗುತ್ತದೆ. ಕರ್ನಲ್ ಬಂದು ಆ ದೊಡ್ಡ ಪುಸ್ತಕವನ್ನು ಆಗ ಹೊಲಿದುಕೊಡುತ್ತದೆ. ಆ ಕೂಗು ಯಾವ ಬಾಗಿಲಿನಿಂದ ಬರುತ್ತದೆಂದು ವಿಚಾರಿಸಿದರೆ, ಏಳನೆಯ ಸಂಖ್ಯೆಯ ಹಳೆಯ ಬಾಗಿಲೇ. ಟಿಎಸ್ ಬಿಟ್ಟಿನ ಕಾಲದಲ್ಲಿ ಜವಾನನನ್ನು ಕೂಗುತ್ತಿದ್ದ ಅದೇ ಬಾಗಿಲು.